ಚಳಿಗಾಲದ ಹಿತ್ತಲ ಹಣ್ಣು ಮತ್ತು ವಲಸೆ ಹಕ್ಕಿಗಳು: ಚಿಕ್ಕೋಡಿ–ಅಥಣಿ ಸೀಮೆಯನ್ನು ಕುರಿತ ಒಂದು ವಿವೇಚನೆ

ವಲಸೆ ಹಕ್ಕಿ ಎಂದೊಡನೆ ಕೆರೆ, ನದಿ, ಜಲಾಶಯಗಳಿಗೆ ಬಂದಿಳಿಯುವ ಬಾತು, ಕೊಕ್ಕರೆಗಳು ನೆನಪಿಗೆ ಬರುವುದು ಸಹಜ. ಬೆಳಗಾವಿ ಜಿಲ್ಲೆಯ ಮಟ್ಟಿಗೂ ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮವೇ ಈ ವಿಷಯದ ಚರ್ಚೆಯಲ್ಲಿ ಮೊದಲ ಸ್ಥಾನ ಪಡೆಯುತ್ತದೆ. ಆದರೆ ನೀರಿನ ಹಂಗಿಲ್ಲದೆ, ಒಣಭೂಮಿಯ ಬೇಲಿ, ಬದು, ಹಿತ್ತಲುಗಳನ್ನೇ ನೆಚ್ಚಿಕೊಂಡು ಚಳಿಗಾಲವನ್ನು ಕಳೆಯುವ ವಲಸೆ ಹಕ್ಕಿಗಳ ವರ್ಗವೊಂದು ಬೇರೆಯೇ ಇದೆ. ಇವು ಸಂರಕ್ಷಿತ ಪ್ರದೇಶಕ್ಕೆ ಬರುವುದಿಲ್ಲ. ಜನರ ಮನೆಯಂಗಳಕ್ಕೆ ಬರುತ್ತವೆ. ಆದುದರಿಂದ ಇವುಗಳ ಅಳಿವು ಉಳಿವು ಮನೆಯವರ ನಿತ್ಯದ ನಿರ್ಧಾರಗಳನ್ನು ಅವಲಂಬಿಸಿರುತ್ತದೆ. ಯಾವ ಗಿಡವನ್ನು ಉಳಿಸಬೇಕು, ಯಾವ ಬೇಲಿಯನ್ನು ಕೀಳಬೇಕು, ಯಾವ ಬೆಳೆಗೆ ಬಲೆ ಹಾಸಬೇಕು ಎಂಬ ಪ್ರಶ್ನೆಗಳು ಇಲ್ಲಿ ಪಕ್ಷಿಶಾಸ್ತ್ರದ ಪ್ರಶ್ನೆಗಳೂ ಆಗುತ್ತವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳನ್ನು ಒಳಗೊಂಡ ಗಡಿಸೀಮೆಯಲ್ಲಿ ಈ ಸಂಬಂಧವು ಹೇಗೆ ಏರ್ಪಟ್ಟಿದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಸ್ವರೂಪ

ಈ ಐದು ತಾಲ್ಲೂಕುಗಳಲ್ಲಿ ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಕಾಗವಾಡವು ಅಥಣಿಯಿಂದಲೂ ಬೇರ್ಪಟ್ಟು 2017–18ರಲ್ಲಿ ಹೊಸ ತಾಲ್ಲೂಕುಗಳಾದವು. ಆಡಳಿತದ ಗಡಿ ಹೇಗಿದ್ದರೂ ನೆಲದ ದೃಷ್ಟಿಯಿಂದ ಇದು ಪಶ್ಚಿಮದಿಂದ ಪೂರ್ವಕ್ಕೆ ಇಳಿಯುವ ಒಂದೇ ಹಾಸು. ನಿಪ್ಪಾಣಿಯ ಕಡೆ ಸಹ್ಯಾದ್ರಿಯ ಸೆರಗಿನ ಮಳೆ ದೊರೆಯುತ್ತದೆ. ಅಥಣಿಯ ಪೂರ್ವ ಭಾಗವು ಮಳೆನೆರಳಿನ ಬಯಲು. ವೇದಗಂಗಾ ನದಿಯು ದೂಧಗಂಗೆಯನ್ನೂ ದೂಧಗಂಗೆಯು ಕೃಷ್ಣೆಯನ್ನೂ ಸೇರುವುದು ಈ ಸೀಮೆಯ ಪಶ್ಚಿಮದಲ್ಲಿಯೇ. ಕೃಷ್ಣೆಯ ದಕ್ಷಿಣಕ್ಕೆ ಚಿಕ್ಕೋಡಿ, ರಾಯಬಾಗಗಳಿದ್ದರೆ ಉತ್ತರಕ್ಕೆ ಕಾಗವಾಡ, ಅಥಣಿಗಳಿವೆ. ನದಿದಂಡೆಯ ಎರೆಭೂಮಿಯಲ್ಲಿ ಕಬ್ಬು, ನಿಪ್ಪಾಣಿಯ ಸುತ್ತ ಬೀಡಿ ತಂಬಾಕು, ಅಥಣಿಯ ಒಣಭಾಗದಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ ಹಾಗೂ ದ್ರಾಕ್ಷಿ ಎಂಬುದು ಸ್ಥೂಲವಾದ ಬೆಳೆ ವಿಂಗಡಣೆ.

ವಾಸದ ರೀತಿಯೂ ಇಲ್ಲಿ ವಿಶಿಷ್ಟವಾದುದು. ಊರಿನೊಳಗಿನ ಮನೆಯ ಜೊತೆಗೆ ಹೊಲದಲ್ಲಿಯೇ ಮನೆ ಕಟ್ಟಿಕೊಂಡು ನೆಲೆಸುವ ತೋಟದ ವಸತಿಯು ಈ ತಾಲ್ಲೂಕುಗಳಲ್ಲಿ ವ್ಯಾಪಕವಾಗಿದೆ. ‘ತೋಟಪಟ್ಟಿ’ ಎಂದು ಕರೆಯಲಾಗುವ ಇಂಥ ಚದುರಿದ ವಸತಿಗಳಿಗಾಗಿಯೇ ಪ್ರತ್ಯೇಕ ಶಾಲೆಗಳಿರುವುದೂ ಉಂಟು. ತೋಟದ ಮನೆಯ ಹಿತ್ತಲಲ್ಲಿ ಬಚ್ಚಲ ನೀರಿಗೆ ಬೆಳೆದ ನುಗ್ಗೆ, ಕರಿಬೇವು, ಪೇರಲ. ದನದ ಕೊಟ್ಟಿಗೆಯ ಬದಿಗೆ ಬಾರೆ, ಬೇವು. ನೆರಳಿಗೆಂದು ನೆಟ್ಟ ಗಸಗಸೆ ಹಣ್ಣಿನ ಮರ. ಮೇರೆಗೆ ಮುಳ್ಳಿನ ಬೇಲಿ ಕಂಡುಬರುತ್ತವೆ. ಬೆಳೆಯ ಹೊಲಗಳ ನಡುವೆ ನಡುಗಡ್ಡೆಗಳಂತೆ ಹರಡಿರುವ ಈ ಹಿತ್ತಲುಗಳೇ ಹಣ್ಣುಬಾಕ ಹಕ್ಕಿಗಳಿಗೆ ತಂಗುದಾಣಗಳು.

ಈ ಭಾಗದ ಹಕ್ಕಿಗಳ ಶಾಸ್ತ್ರೀಯ ದಾಖಲೆಗೆ ದೀರ್ಘವಾದ ಇತಿಹಾಸವಿದೆ. ಕರ್ನಲ್ ಸೈಕ್ಸ್ ದಖನ್ನಿನ ಹಕ್ಕಿಗಳ ಪಟ್ಟಿಯನ್ನು 1832ರಲ್ಲಿ ಪ್ರಕಟಿಸಿದನು. ಸೇನಾಧಿಕಾರಿ ಇ. ಎ. ಬಟ್ಲರ್ ದಖನ್ ಮತ್ತು ದಕ್ಷಿಣ ಮರಾಠಾ ಪ್ರಾಂತದ ಹಕ್ಕಿಗಳ ವಿಸ್ತೃತ ಯಾದಿಯನ್ನು ಎ. ಓ. ಹ್ಯೂಮ್ ಸಂಪಾದಿಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ 1881ರಲ್ಲಿ ಹೊರತಂದನು. ಬೆಳಗಾವಿ ಸೀಮೆಯು ಆ ಪ್ರಾಂತದ ಭಾಗವೇ ಆಗಿತ್ತು. ಕೃಷ್ಣೆಯ ದಂಡೆಯಲ್ಲಿ ಕಾಲುವೆಗಳೂ ಸಕ್ಕರೆ ಕಾರ್ಖಾನೆಗಳೂ ಬರುವುದಕ್ಕೆ ಮೊದಲಿನ ಒಣಬಯಲನ್ನು ಕಂಡವರ ಬರೆಹಗಳಿವು ಎಂಬುದು ಇಂದಿನ ಅಧ್ಯಯನಕಾರರಿಗೆ ಮುಖ್ಯವಾಗುತ್ತದೆ.

‘ಚಳಿಗಾಲದ ಹಣ್ಣು’ ಎಂದರೇನು?

ಯುರೋಪಿನ ಪಕ್ಷಿ ಸಾಹಿತ್ಯದಲ್ಲಿ ಚಳಿಗಾಲದ ಹಣ್ಣು ಎಂದರೆ ಹಿಮ ಬೀಳುವ ಕಾಲದಲ್ಲಿಯೂ ಎಲೆಯುದುರಿದ ಕೊಂಬೆಯಲ್ಲಿ ಉಳಿದಿರುವ ಕೆಂಪು ಹಣ್ಣು. ಕೀಟಗಳು ಪೂರ್ಣವಾಗಿ ಮರೆಯಾದಾಗ ಹಕ್ಕಿಗೆ ಅದು ಕೊನೆಯ ಆಸರೆ. ಈ ಕಲ್ಪನೆಯನ್ನು ದಖನ್ನಿಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ. ಇಲ್ಲಿಯ ಚಳಿಗಾಲವು ಹಿಮದ ಕಾಲವಲ್ಲ, ಒಣಗುವ ಕಾಲ. ಮುಂಗಾರು ನೆಲಕ್ಕೆ ಕೊಟ್ಟ ತೇವವು ಅಕ್ಟೋಬರದಿಂದ ಕ್ರಮೇಣ ಕರಗುತ್ತದೆ, ಹುಲ್ಲು ಒಣಗುತ್ತದೆ, ಮಿಡತೆ, ಕಂಬಳಿಹುಳುಗಳ ಸಂಖ್ಯೆ ಇಳಿಯುತ್ತದೆ. ಇದೇ ಅವಧಿಯಲ್ಲಿ, ಆಳದ ತೇವವನ್ನು ಹೀರಬಲ್ಲ ಗಿಡಮರಗಳು ಹಾಗೂ ಮನೆಯ ನೀರು ಉಣ್ಣುವ ಹಿತ್ತಲ ಗಿಡಗಳು ಹಣ್ಣು ಕೊಡುತ್ತವೆ. ಅಂದರೆ ಇಲ್ಲಿ ಹಣ್ಣು ಚಳಿಗೆ ಅಲ್ಲ, ಬರಕ್ಕೆ ಎದುರಾದ ಆಹಾರ.

ಸಸ್ಯಶಾಸ್ತ್ರದ ಕಟ್ಟುನಿಟ್ಟಾದ ಅರ್ಥದಲ್ಲಿ ದ್ರಾಕ್ಷಿ ಮತ್ತು ಗಸಗಸೆ ಹಣ್ಣುಗಳು ತಿರುಳಿನೊಳಗೆ ಬೀಜ ಹುದುಗಿರುವ ರಸಫಲಗಳು. ಬಾರೆ ಹಾಗೂ ಲಂಟಾನಗಳದು ಓಟೆಯುಳ್ಳ ಹಣ್ಣು. ಹಿಪ್ಪುನೇರಳೆಯು ಹಲವು ಹೂಗಳು ಕೂಡಿ ಆದ ಸಂಯುಕ್ತ ಫಲ. ಅತ್ತಿ, ಆಲಗಳಲ್ಲಿ ಹಣ್ಣೆಂದು ಕಾಣುವುದು ಹೂಗಳನ್ನು ಒಳಗಡಗಿಸಿಕೊಂಡ ಗಡಿಗೆಯಂಥ ಪುಷ್ಪಪಾತ್ರೆ. ಆದರೆ ಹಕ್ಕಿಯ ಕೊಕ್ಕಿಗೆ ಈ ಭೇದಗಳಿಲ್ಲ. ನುಂಗಲು ಇಲ್ಲವೆ ಕುಕ್ಕಲು ಬರುವಷ್ಟು ಚಿಕ್ಕದು, ಮೆತ್ತಗಿನದು, ಬಣ್ಣದಿಂದ ಗುರುತಿಸಬಲ್ಲದು ಎಂಬಿಷ್ಟೇ ಲಕ್ಷಣಗಳು ಅದಕ್ಕೆ ಸಾಕು. ಈ ಲೇಖನದಲ್ಲಿಯೂ ಹಣ್ಣು ಎಂಬ ಪದವನ್ನು ಈ ವಿಶಾಲವಾದ ಅರ್ಥದಲ್ಲಿಯೇ ಬಳಸಲಾಗಿದೆ.

ಬರುವ ಹಕ್ಕಿಗಳು

ಚಳಿಗಾಲದಲ್ಲಿ ಹಿತ್ತಲಿಗೆ ಬರುವ ವಲಸೆ ಹಕ್ಕಿಗಳೆಲ್ಲವೂ ಹಣ್ಣಿಗಾಗಿ ಬರುವುದಿಲ್ಲ ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ಗೋಡೆ, ಬಾವಿಕಟ್ಟೆಗಳ ಮೇಲೆ ಕುಳಿತು ಕೆಂಗಂದು ಬಾಲವನ್ನು ಅದುರಿಸುತ್ತಿರುವ ಬ್ಲ್ಯಾಕ್ ರೆಡ್‌ಸ್ಟಾರ್ಟ್ ಈ ಭಾಗದ ಮನೆಯಂಗಳಗಳಲ್ಲಿ ಕಾಣಬರುವ ಚಳಿಗಾಲದ ಅತಿಥಿ. ಅದರ ಮುಖ್ಯ ಆಹಾರ ನೆಲದ ಮೇಲಿನ ಕೀಟ. ಚಿಕ್ಕ ಹಣ್ಣು ಅದಕ್ಕೆ ಅಪರೂಪದ ಪೂರಕ ಮಾತ್ರ. ಜಾಲಿ ಮರಗಳ ಒಳಕೊಂಬೆಗಳಲ್ಲಿ ತಿರುಗಾಡುವ ಬಿಳಿಗಂಟಲಿನ ಸಣ್ಣ ಉಲಿಯಕ್ಕಿಯೂ ಕೀಟಭಕ್ಷಕವೇ. ಆದರೆ ಹೂವಿನ ಮಕರಂದವನ್ನೂ ಸಣ್ಣ ಹಣ್ಣುಗಳನ್ನೂ ಅದು ಸೇವಿಸುತ್ತದೆ.

ಹಣ್ಣನ್ನು ಪ್ರಧಾನವಾಗಿ ಅವಲಂಬಿಸಿ ಬರುವವು ಎರಡು. ಮೊದಲನೆಯದು ಹೊನ್ನಕ್ಕಿ. ಮಧ್ಯ ಏಷ್ಯಾ ಹಾಗೂ ಉತ್ತರ ಭಾರತದಲ್ಲಿ ಮರಿ ಮಾಡುವ ಈ ಹಳದಿ ಹಕ್ಕಿಯು ಚಳಿಗಾಲದಲ್ಲಿ ಪರ್ಯಾಯದ್ವೀಪದ ಉದ್ದಗಲಕ್ಕೂ ಹರಡುತ್ತದೆ. ಯುರೋಪಿನ ಹೊನ್ನಕ್ಕಿಯ ಉಪಜಾತಿಯೆಂದು ಬಹುಕಾಲ ಪರಿಗಣಿತವಾಗಿದ್ದ ಇದನ್ನು 2005ರ ಅನಂತರ ಸ್ವತಂತ್ರ ಜಾತಿಯೆಂದು ಗುರುತಿಸಲಾಗುತ್ತಿದೆ. ಇದು ಹಿಂಡುಗಟ್ಟದೆ ಒಂದೋ ಎರಡೋ ಆಗಿ ಆಲ, ಅತ್ತಿ, ಲಂಟಾನ, ಹಿಪ್ಪುನೇರಳೆಗಳಿಗೆ ಬಂದು ಎಲೆಮರೆಯಲ್ಲಿಯೇ ತಿಂದು ಹೋಗುತ್ತದೆ. ಆದುದರಿಂದ ಬೆಳೆಗಾರನ ಕಣ್ಣಿಗೆ ಇದು ಬೀಳುವುದೂ ಕಡಮೆ, ಹಗೆಯಾಗುವುದೂ ಕಡಮೆ.

ಎರಡನೆಯದು ಗುಲಾಬಿ ಕಬ್ಬಕ್ಕಿ. ಶಾಸ್ತ್ರೀಯವಾಗಿ ಇದು ಪ್ಯಾಸ್ಟರ್ ರೋಸಿಯಸ್. ಗೊರವಂಕಕ್ಕಿಂತ ತುಸು ಚಿಕ್ಕದಾದ, ಕಪ್ಪು ತಲೆ, ಕಪ್ಪು ರೆಕ್ಕೆ, ಗುಲಾಬಿ ಬೆನ್ನು–ಹೊಟ್ಟೆಯ ಹಕ್ಕಿಯಿದು. ಚಳಿಗಾಲದಲ್ಲಿ ಈ ಬಣ್ಣ ಮಂಕಾಗಿರುತ್ತದೆ; ಆ ವರ್ಷದ ಮರಿಗಳಂತೂ ಮಣ್ಣುಗಂದಾಗಿದ್ದು ಬೇರೆ ಜಾತಿಯವೆಂಬ ಭ್ರಮೆ ಹುಟ್ಟಿಸುತ್ತವೆ. ಗಡಿಸೀಮೆಯ ಮರಾಠಿ ಭಾಷಿಕರಲ್ಲಿ ಇದಕ್ಕೆ ‘ಭೋರಡಿ’ ಎಂದೂ ‘ಪಳಸ ಮೈನಾ’ ಎಂದೂ ಹೆಸರು. ಹಿಂದಿನ ಇಂಗ್ಲಿಷ್ ಬರೆಹಗಳು ಇದನ್ನು ಜೋಳದ ಹಕ್ಕಿ ಎಂದು ಕರೆದಿವೆ. ಒಂದು ಹೆಸರು ಮುತ್ತುಗದ ಹೂವಿನಿಂದಲೂ ಇನ್ನೊಂದು ಜೋಳದ ತೆನೆಯಿಂದಲೂ ಬಂದಿರುವುದು ಗಮನಾರ್ಹ. ಹಕ್ಕಿಯ ಆಹಾರವು ತಿಂಗಳಿಂದ ತಿಂಗಳಿಗೆ ಬದಲಾಗುವುದನ್ನು ಈ ಹೆಸರುಗಳೇ ಸೂಚಿಸುತ್ತವೆ.

ಇವೆರಡರ ಜೊತೆಗೆ ಸ್ಥಳೀಯ ಹಕ್ಕಿಗಳಾದ ಪಿಕಳಾರ, ಕೋಗಿಲೆ, ಗೊರವಂಕ, ಕರಿತಲೆ ಕಬ್ಬಕ್ಕಿ, ಗಿಳಿಗಳೂ ಅದೇ ಹಣ್ಣುಗಳಿಗೆ ಬರುತ್ತವೆ. ವಲಸೆ ಹಕ್ಕಿಯು ಖಾಲಿ ಮನೆಗೆ ಬರುವುದಿಲ್ಲ. ಆಗಲೇ ಪಾಲುದಾರರಿರುವ ಮನೆಗೆ ಬರುತ್ತದೆ.

ಗುಲಾಬಿ ಕಬ್ಬಕ್ಕಿಯ ವರ್ಷಚಕ್ರ

ಗುಲಾಬಿ ಕಬ್ಬಕ್ಕಿಯು ಮರಿ ಮಾಡುವುದು ಆಗ್ನೇಯ ಯುರೋಪಿನಿಂದ ಕಝಾಕಸ್ತಾನದ ಮೂಲಕ ಚೀನಾದ ಶಿನ್‌ಜಿಯಾಂಗ್‌ವರೆಗೆ ಹಬ್ಬಿದ ಹುಲ್ಲುಗಾವಲುಗಳಲ್ಲಿ. ಕಲ್ಲುರಾಶಿ, ಬಂಡೆಬಿರುಕುಗಳಲ್ಲಿ ಸಾವಿರಾರು ಜೋಡಿಗಳು ಒಟ್ಟಾಗಿ ಗೂಡು ಮಾಡುತ್ತವೆ. ಮಿಡತೆಗಳು ಎಲ್ಲಿ ಹೇರಳವಾಗಿರುವುವೋ ಅಲ್ಲಿಯೇ ಗೂಡು. ಹಾಗಾಗಿ ಒಂದು ವರ್ಷ ತುಂಬಿದ್ದ ನೆಲೆ ಮರುವರ್ಷ ಬರಿದಾಗಿರಬಹುದು. ಮಿಡತೆಯ ಹಾವಳಿಯನ್ನು ತಡೆಯಲು ಶಿನ್‌ಜಿಯಾಂಗ್‌ನಲ್ಲಿ 1980ರ ದಶಕದಿಂದ ಈ ಹಕ್ಕಿಗಳಿಗಾಗಿಯೇ ಕಲ್ಲಿನ ಗೂಡುಮನೆಗಳನ್ನು ಕಟ್ಟಲಾಗಿದೆ. ಅಲ್ಲಿ ಅದು ಬೆಳೆ ಕಾಯುವ ಹಕ್ಕಿ.

ಸಂತಾನದ ಈ ಕಾರ್ಯವೆಲ್ಲ ಮೇ, ಜೂನ್ ತಿಂಗಳುಗಳಲ್ಲಿ ಮುಗಿಯುತ್ತದೆ. ಜುಲೈ, ಆಗಸ್ಟ್ ವೇಳೆಗೆ ಮೊದಲ ಹಿಂಡುಗಳು ವಾಯವ್ಯ ದಿಕ್ಕಿನಿಂದ ಭಾರತವನ್ನು ಪ್ರವೇಶಿಸಿ ಕ್ರಮೇಣ ದಖನ್ನಿಗೆ ಇಳಿಯುತ್ತವೆ. ಮರಳಿ ಹೊರಡುವುದು ಏಪ್ರಿಲ್ ಹೊತ್ತಿಗೆ. ಈ ಲೆಕ್ಕದಂತೆ ವರ್ಷದ ಎಂಟು ಒಂಬತ್ತು ತಿಂಗಳುಗಳನ್ನು ಈ ಹಕ್ಕಿಯು ಭಾರತ ಉಪಖಂಡದಲ್ಲಿಯೇ ಕಳೆಯುತ್ತದೆ. ‘ಪರದೇಶದ ಹಕ್ಕಿ’ ಎಂಬ ರೂಢಿಯ ಮಾತು ಇಲ್ಲಿ ಅರ್ಧ ಸತ್ಯವೆನ್ನಬೇಕು. ಅದರ ಬದುಕಿನ ಬಹುಭಾಗ ನಡೆಯುವುದು ಇಲ್ಲಿಯ ಹೊಲ, ಹಿತ್ತಲುಗಳಲ್ಲಿಯೇ.

ಇಲ್ಲಿಯ ವಾಸ್ತವ್ಯವನ್ನು ಆಹಾರದ ದೃಷ್ಟಿಯಿಂದ ಮೂರು ಘಟ್ಟಗಳಾಗಿ ವಿಂಗಡಿಸಬಹುದು. ಮೊದಲನೆಯದು ಮುಂಗಾರಿನ ಕೊನೆಯಿಂದ ಅಕ್ಟೋಬರವರೆಗಿನದು. ಹಸಿರು ಹುಲ್ಲಿನ ಮಿಡತೆ, ಹುಳುಗಳೂ ಮುಂಗಾರಿ ತೆನೆಗಳೂ ಬೇಲಿಯ ಲಂಟಾನದ ಹಣ್ಣುಗಳೂ ದೊರೆಯುವ ಸಮೃದ್ಧಿಯ ಕಾಲ. ಎರಡನೆಯದು ನವೆಂಬರದಿಂದ ಜನವರಿಯವರೆಗಿನದು. ಮುಂಗಾರಿ ಕೊಯ್ಲು ಮುಗಿದಿರುತ್ತದೆ, ಹಿಂಗಾರಿ ಜೋಳ ಇನ್ನೂ ಹಾಲುಗಾಳಿಗೆ ಬರಬೇಕಾಗಿರುತ್ತದೆ, ಹುಲ್ಲು ಒಣಗಿರುತ್ತದೆ. ಇದು ಇಕ್ಕಟ್ಟಿನ ಕಾಲ. ಮೂರನೆಯದು ಫೆಬ್ರವರಿಯಿಂದ ಏಪ್ರಿಲ್‌ವರೆಗಿನದು. ಮುತ್ತುಗ, ಬೂರುಗ, ಹಾಲುವಾಣಗಳ ಹೂಗಳಲ್ಲಿ ಮಕರಂದ ತುಂಬುತ್ತದೆ, ಬಿಳಿಜೋಳ ಬಲಿಯುತ್ತದೆ, ದ್ರಾಕ್ಷಿ ಮಾಗುತ್ತದೆ. ದೀರ್ಘ ಪ್ರಯಾಣಕ್ಕೆ ಬೇಕಾದ ಕೊಬ್ಬನ್ನು ಹಕ್ಕಿಯು ದೇಹದಲ್ಲಿ ಸಂಗ್ರಹಿಸಿಕೊಳ್ಳುವುದೂ ಈ ಘಟ್ಟದ ಕೊನೆಯಲ್ಲಿಯೇ. ಹಿತ್ತಲ ಹಣ್ಣಿನ ಮಹತ್ತ್ವವನ್ನು ಎರಡನೆಯ ಘಟ್ಟದಲ್ಲಿ ಇಟ್ಟು ನೋಡಿದಾಗ ಮಾತ್ರ ಅದರ ನಿಜವಾದ ಬೆಲೆ ತಿಳಿಯುತ್ತದೆ.

ಹಿತ್ತಲು ಮತ್ತು ಬೇಲಿಯ ಹಣ್ಣುಗಳು

ಬಾರೆ ಹಣ್ಣು ಈ ಇಕ್ಕಟ್ಟಿನ ತಿಂಗಳುಗಳ ಮುಖ್ಯ ಹಣ್ಣು. ನವೆಂಬರದಿಂದ ಫೆಬ್ರವರಿಯವರೆಗೆ ಇದು ಮಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸಂತೆಗಳಲ್ಲಿ ಬಾರೆ, ಕಬ್ಬು, ಹಸಿಕಡಲೆ ಒಟ್ಟಿಗೆ ಕಾಣಿಸಿಕೊಳ್ಳುವುದು ಈ ಸೀಮೆಯ ಋತುಮಾನದ ಗುರುತು. ಕಸಿ ಮಾಡಿದ ದಪ್ಪ ಹಣ್ಣಿಗಿಂತ ಬದುವಿನ ಮೇಲಿನ ಮುಳ್ಳುಬಾರೆಯ ಸಣ್ಣ ಹಣ್ಣು ಹಕ್ಕಿಗಳಿಗೆ ಅನುಕೂಲವಾದುದು. ಹಣ್ಣಿನ ಜೊತೆಗೆ ಮುಳ್ಳಿನ ಮರೆಯೂ ದೊರೆಯುವುದರಿಂದ ಗಿಡುಗನಿಂದ ರಕ್ಷಣೆ ಸಿಗುತ್ತದೆ.

ಗಸಗಸೆ ಹಣ್ಣಿನ ಮರವು ಅಮೆರಿಕ ಖಂಡದ ಉಷ್ಣವಲಯದಿಂದ ಬಂದುದು. ಬೇಗ ಬೆಳೆದು ಛತ್ರಿಯಂತೆ ಹರಡಿ ನೆರಳು ಕೊಡುವ ಕಾರಣದಿಂದ ಶಾಲೆಯ ಅಂಗಳ, ಮನೆಯ ಮುಂಭಾಗಗಳಲ್ಲಿ ಇದನ್ನು ನೆಡುವ ರೂಢಿಯಿದೆ. ವರ್ಷದ ಬಹುಕಾಲ ಒಂದೇ ಮರದಲ್ಲಿ ಹೂ, ಕಾಯಿ, ಹಣ್ಣುಗಳು ಒಟ್ಟಿಗಿರುವುದು ಇದರ ವೈಶಿಷ್ಟ್ಯ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಹಣ್ಣಾಗುವುದರಿಂದ ದೊಡ್ಡ ಹಿಂಡನ್ನು ತಣಿಸಲಾರದಾದರೂ ದಿನವೂ ತಪ್ಪದ ತುತ್ತನ್ನು ಇದು ಒದಗಿಸುತ್ತದೆ. ಹಿಪ್ಪುನೇರಳೆಯದು ಇದಕ್ಕೆ ವ್ಯತಿರಿಕ್ತ ಸ್ವಭಾವ. ಚಳಿಗಾಲದ ಕೊನೆಯಲ್ಲಿ, ಹಕ್ಕಿಗಳು ಹೊರಡುವುದಕ್ಕೆ ಮುಂಚೆ, ಒಮ್ಮೆಗೇ ಹೇರಳವಾಗಿ ಹಣ್ಣು ಬಿಟ್ಟು ಮುಗಿಸುತ್ತದೆ.

ಆಲ, ಅತ್ತಿ, ಅರಳಿ, ಬಸರಿಗಳದು ಬೇರೆಯೇ ಲೆಕ್ಕ. ಇವುಗಳ ಪರಾಗಸ್ಪರ್ಶವು ಆಯಾ ಜಾತಿಗೇ ಮೀಸಲಾದ ಕಿರುಕಣಜಗಳಿಂದ ನಡೆಯುತ್ತದೆ. ಕಣಜದ ಆಯುಷ್ಯ ಅತ್ಯಲ್ಪವಾದುದರಿಂದ ಒಂದು ಜಾತಿಯ ಎಲ್ಲ ಮರಗಳೂ ಒಂದೇ ಕಾಲಕ್ಕೆ ಫಲಿಸಿದರೆ ಕಣಜದ ಸಂತತಿಯೇ ನಿಂತುಹೋಗುತ್ತದೆ. ಆದಕಾರಣ ಬೇರೆ ಬೇರೆ ಮರಗಳು ಬೇರೆ ಬೇರೆ ಕಾಲಕ್ಕೆ ಹಣ್ಣಾಗುತ್ತವೆ. ಸೀಮೆಯೊಂದರಲ್ಲಿ ಸಾಕಷ್ಟು ಮರಗಳಿದ್ದರೆ ಯಾವ ತಿಂಗಳಲ್ಲಾದರೂ ಎಲ್ಲಿಯಾದರೂ ಒಂದು ಮರ ಹಣ್ಣು ಹೊತ್ತು ನಿಂತಿರುತ್ತದೆ. ಔದುಂಬರವೆಂದು ಪೂಜ್ಯವಾದ ಅತ್ತಿಯು ದತ್ತಾತ್ರೇಯನ ಆರಾಧನೆಯೊಡನೆ ಸೇರಿಕೊಂಡಿರುವುದರಿಂದ, ನರಸೋಬವಾಡಿಯ ಪ್ರಭಾವವಿರುವ ಕೃಷ್ಣಾತೀರದಲ್ಲಿ ಅದಕ್ಕೆ ಕೊಡಲಿಯಿಂದ ಸಾಕಷ್ಟು ರಕ್ಷಣೆ ದೊರೆತಿದೆ. ನಂಬಿಕೆಯೊಂದು ಹಕ್ಕಿಯ ಆಹಾರವನ್ನು ಕಾಯ್ದುಕೊಂಡು ಬಂದ ಉದಾಹರಣೆಯಿದು.

ಬೇವು, ಕವಳಿಗಳ ಹೆಸರು ಈ ಪಟ್ಟಿಯಲ್ಲಿಲ್ಲದಿರುವುದು ಆಶ್ಚರ್ಯವೆನಿಸಬಹುದು. ಇವೆರಡೂ ಹಣ್ಣಾಗುವುದು ಬೇಸಗೆ ಹಾಗೂ ಮುಂಗಾರಿನ ಆರಂಭದಲ್ಲಿ, ಅಂದರೆ ವಲಸೆ ಹಕ್ಕಿಗಳು ಹೊರಟುಹೋದ ಮೇಲೆ. ಹಕ್ಕಿಗೆಂದು ಗಿಡ ನೆಡುವವರು ಯಾವ ಗಿಡ ಎಂಬುದಕ್ಕಿಂತ ಯಾವ ತಿಂಗಳ ಗಿಡ ಎಂಬುದನ್ನು ಗಮನಿಸಬೇಕಾಗುತ್ತದೆ.

ಸಿಹಿಯ ಭೇದ

ಸುತ್ತಲೂ ಕಬ್ಬು ಬೆಳೆದಿರುವ, ಸಕ್ಕರೆ ಕಾರ್ಖಾನೆಗಳಿರುವ ನಾಡಿನಲ್ಲಿ ಸಿಹಿಗಾಗಿ ಹಕ್ಕಿಯು ಹಿತ್ತಲಿನ ಸಣ್ಣ ಹಣ್ಣನ್ನು ಹುಡುಕುವುದೇಕೆ ಎಂಬ ಪ್ರಶ್ನೆಗೆ ಉತ್ತರವು ಅದರ ಕರುಳಿನಲ್ಲಿದೆ. ಕಬ್ಬಿನ ಸಕ್ಕರೆಯು ಮುಖ್ಯವಾಗಿ ಸುಕ್ರೋಸ್. ದ್ರಾಕ್ಷಿ ಮತ್ತು ಅಂಜೂರದಂಥ ಹಣ್ಣುಗಳ ಸಕ್ಕರೆಯು ಹೆಚ್ಚಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಸುಕ್ರೋಸ್ ಎಂಬುದು ಈ ಎರಡೂ ಒಂದಕ್ಕೊಂದು ಅಂಟಿಕೊಂಡ ರೂಪ. ಅದನ್ನು ಬಿಡಿಸದೆ ದೇಹವು ಹೀರಿಕೊಳ್ಳಲಾರದು. ಬಿಡಿಸುವ ಕಿಣ್ವದ ಹೆಸರು ಸುಕ್ರೇಸ್. ಮಾರ್ಟಿನೆಸ್ ದೆಲ್ ರಿಯೊ ಮತ್ತು ಸ್ಟೀವನ್ಸ್ ಎಂಬ ಸಂಶೋಧಕರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುರೋಪಿನ ಸಾಮಾನ್ಯ ಕಬ್ಬಕ್ಕಿಯ ಕರುಳಿನಲ್ಲಿ ಸುಕ್ರೇಸ್ ಕಿಣ್ವದ ಚಟುವಟಿಕೆಯೇ ಇಲ್ಲವೆಂಬುದನ್ನು ತೋರಿಸಿದರು. ಸುಕ್ರೋಸ್ ತಿಂದರೆ ಅದಕ್ಕೆ ಪೋಷಣೆ ದೊರೆಯುವುದಿಲ್ಲ. ಬದಲಾಗಿ ಹೊಟ್ಟೆ ಕೆಡುತ್ತದೆ. ಗುಲಾಬಿ ಕಬ್ಬಕ್ಕಿಯು ಅದೇ ಕುಟುಂಬದ ಹಕ್ಕಿ.

ಕಬ್ಬಿನ ಗಟ್ಟಿ ಸಿಪ್ಪೆಯನ್ನು ಕೊಕ್ಕು ಸೀಳಲಾರದೆಂಬುದು ಒಂದು ಮಾತಾದರೆ, ಸೀಳಿದರೂ ಒಳಗಿನ ಸಿಹಿ ಅದಕ್ಕೆ ಆಹಾರವಾಗದೆಂಬುದು ಇನ್ನೊಂದು. ಕಬ್ಬಿನ ಹೊಲವು ಈ ಹಕ್ಕಿಗೆ ಕೊಡಬಲ್ಲುದು ಕಟಾವಿನ ವೇಳೆಯಲ್ಲಿಯೂ ರವದಿ ಸುಡುವಾಗಲೂ ಎದ್ದೋಡುವ ಕೀಟಗಳನ್ನು ಮಾತ್ರ. ಹಾಗಾಗಿ ಜೋಳದ ಹೊಲ, ಬದುವಿನ ಬಾರೆ, ಬೇಲಿಯ ಲಂಟಾನಗಳಿದ್ದ ಜಾಗಕ್ಕೆ ಕಾಲುವೆ ಅಥವಾ ಕೊಳವೆಬಾವಿಯ ನೀರಿನೊಡನೆ ಕಬ್ಬು ಬಂದಾಗ, ಮನುಷ್ಯನ ಕಣ್ಣಿಗೆ ಹಸಿರು ಹೆಚ್ಚಿದಂತೆ ಕಂಡರೂ ಹಣ್ಣುಬಾಕ ಹಕ್ಕಿಯ ಪಾಲಿಗೆ ನೆಲ ಬರಡಾದಂತೆಯೇ ಸರಿ. ಇಂಥ ಕಬ್ಬಿನ ಕಡಲಿನ ನಡುವೆ ಹಣ್ಣಿನ ಗಿಡಗಳನ್ನು ಉಳಿಸಿಕೊಂಡಿರುವುದು ತೋಟದ ಮನೆಯ ಹಿತ್ತಲು.

ದ್ರಾಕ್ಷಿ ಪಡದ ಸಮಸ್ಯೆ

ದ್ರಾಕ್ಷಿಯ ವಿಷಯ ಇದಕ್ಕೆ ತೀರ ವಿರುದ್ಧವಾದುದು. ಅಥಣಿ ಭಾಗದ ಪಡಗಳಲ್ಲಿ ಏಪ್ರಿಲ್ ಹಾಗೂ ಅಕ್ಟೋಬರ ತಿಂಗಳುಗಳಲ್ಲಿ ಎರಡು ಸಲ ಚಾಟಣಿ ಮಾಡುವ ಪದ್ಧತಿಯಿದೆ. ಅಕ್ಟೋಬರ ಚಾಟಣಿಯ ಫಲವು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಯ್ಲಿಗೆ ಬರುತ್ತದೆ. ಒಣದ್ರಾಕ್ಷಿ ತಯಾರಿಸಬೇಕಾದರೆ ಸಕ್ಕರೆಯ ಅಂಶ ಚೆನ್ನಾಗಿ ಏರುವವರೆಗೂ ಗೊನೆಯನ್ನು ಬಳ್ಳಿಯಲ್ಲಿಯೇ ಬಿಡಬೇಕು. ಹಕ್ಕಿಯು ಪ್ರಯಾಣಕ್ಕಾಗಿ ಕೊಬ್ಬು ಸಂಗ್ರಹಿಸುವ ವಾರಗಳೂ ಗೊನೆಯು ಬಳ್ಳಿಯಲ್ಲಿ ಕಾಯುವ ವಾರಗಳೂ ಹೀಗೆ ಒಂದೇ ಆಗುತ್ತವೆ. ಆ ಹಣ್ಣಿನ ಸಿಹಿಯೂ ಹಕ್ಕಿಯ ಕರುಳಿಗೆ ನೇರವಾಗಿ ಒಗ್ಗುವಂಥದು. ಬೆಳೆಗಾರ ಮತ್ತು ಹಕ್ಕಿಯ ನಡುವಿನ ವೈರಕ್ಕೆ ಈ ಕಾಲಸಾಮ್ಯವೇ ಮೂಲಕಾರಣವೆನ್ನಬಹುದು.

ಹಾನಿಯ ಸ್ವರೂಪವನ್ನೂ ಗಮನಿಸಬೇಕು. ಹಕ್ಕಿ ತಿಂದುಹೋದ ಕಾಯಿಗಿಂತ ಕುಕ್ಕಿ ಬಿಟ್ಟ ಕಾಯಿಯಿಂದ ಹೆಚ್ಚು ನಷ್ಟ. ಗಾಯದಿಂದ ಸೋರಿದ ರಸಕ್ಕೆ ಹುಳಿಯೂ ಬೂಷ್ಟೂ ಹತ್ತಿ ಸುತ್ತಲಿನ ಕಾಯಿಗಳಿಗೆ ಹಬ್ಬುತ್ತದೆ. ಕಣಜ, ನೊಣಗಳು ಮುತ್ತುತ್ತವೆ. ಇಡೀ ಗೊನೆ ಬೆಲೆ ಕಳೆದುಕೊಳ್ಳುತ್ತದೆ. ಸಾಲ ಮಾಡಿ ಪಡ ಕಟ್ಟಿದವನಿಗೆ ಇದು ಸಣ್ಣ ಪೆಟ್ಟಲ್ಲ. ಹಕ್ಕಿಯನ್ನು ಕುರಿತ ಯಾವುದೇ ಬರೆಹವು ಈ ನಷ್ಟವನ್ನು ಹಗುರವಾಗಿ ಕಾಣುವುದು ನ್ಯಾಯವಾಗದು. ಜೋಳದ ಹೊಲದಲ್ಲಿ ಅಟ್ಟ ಹಾಕಿ, ಕವಣೆ ಬೀಸಿ, ಡಬ್ಬಿ ಬಡಿದು ಹಕ್ಕಿ ಕಾಯುವುದು ಹಿಂದಿನ ವಿಧಾನ. ಅದಕ್ಕೆ ಮನೆಮಂದಿಯ ದುಡಿಮೆ ಬೇಕಿತ್ತು. ದ್ರಾಕ್ಷಿಗೆ ಈಗ ಬಳಸುವುದು ನೈಲಾನ್ ಬಲೆ. ಬಿಗಿಯಾಗಿ ಎಳೆದು ಕಟ್ಟಿದ ಬಲೆಯು ಹಕ್ಕಿಯನ್ನು ಹೊರಗಿಡುತ್ತದೆ. ಸಡಿಲವಾಗಿ ಹೊದಿಸಿದ, ತೆಳುವಾದ, ಹರಿದ ಬಲೆಯಾದರೆ ಹಕ್ಕಿಗಳು ಅದರಲ್ಲಿ ಸಿಲುಕಿ ಸಾಯುತ್ತವೆ. ಜೊತೆಗೆ ಗೂಬೆ, ಹಾವುಗಳೂ ಸಿಲುಕುವುದುಂಟು. ಎಲುಕ, ಹೆಗ್ಗಣಗಳನ್ನು ಹಿಡಿಯುವ ಜೀವಿಗಳನ್ನೇ ಪಡವು ಹೀಗೆ ಕಳೆದುಕೊಳ್ಳುತ್ತದೆ. ಬಲೆಯ ಹಣೆಬರಹವು ಅದನ್ನು ಕಟ್ಟುವ ಕ್ರಮದಲ್ಲಿದೆ.

ಇದೇ ಹಕ್ಕಿಯು ಆಗಸ್ಟ್‌ನಿಂದ ಮಿಡತೆಗಳನ್ನೂ ಕಂಬಳಿಹುಳುಗಳನ್ನೂ ತಿನ್ನುತ್ತ ಬಂದಿರುತ್ತದೆ. ದ್ರಾಕ್ಷಿ ಪಡದಲ್ಲಿ ಅದನ್ನು ಕಾಣುವವನಿಗೆ ಅದು ಕಳ್ಳ. ಸೆಪ್ಟೆಂಬರದ ಹುಲ್ಲಿನಲ್ಲಿ ಕಾಣುವವನಿಗೆ ಕಾವಲುಗಾರ. ಲಾಭವು ಹಲವು ಹೊಲಗಳಲ್ಲಿ ಹಂಚಿಹೋಗಿ ಕಣ್ಣಿಗೆ ಕಾಣದು. ನಷ್ಟವು ಒಂದೇ ಪಡದಲ್ಲಿ ಒಟ್ಟಾಗಿ ಬಿದ್ದು ಎದ್ದುಕಾಣುತ್ತದೆ. ಹಕ್ಕಿಯ ಲೆಕ್ಕವನ್ನು ಒಂದು ತಿಂಗಳಿಗೆ, ಒಂದು ಬೆಳೆಗೆ ನಿಲ್ಲಿಸದೆ ವರ್ಷಕ್ಕೆ ವಿಸ್ತರಿಸಬೇಕೆನ್ನುವುದು ಇದಕ್ಕಾಗಿಯೇ. ಹಿತ್ತಲಲ್ಲಿ ಹಣ್ಣಿನ ಗಿಡ ನೆಟ್ಟರೆ ಪಡದ ನಷ್ಟ ತಪ್ಪುವುದೆಂದು ಭರವಸೆ ಕೊಡುವುದೂ ಸರಿಯಲ್ಲ. ಪಡದ ಮಗ್ಗುಲಲ್ಲಿಯೇ ಇರುವ ಹಣ್ಣಿನ ಮರವು ಹಿಂಡನ್ನು ಅತ್ತ ಸೆಳೆಯ ಬಹುದು. ಪಡಕ್ಕೆ ಬಿಗಿಯಾದ ಬಲೆ, ದೂರದ ಬದು–ಹಿತ್ತಲುಗಳಲ್ಲಿ ಹಣ್ಣು ಎಂಬ ಎರಡೂ ಒಟ್ಟಿಗೆ ಇರಬೇಕಾಗುತ್ತದೆ.

ಬೀಜಪ್ರಸಾರ

ಹಣ್ಣು ತಿಂದ ಹಕ್ಕಿಯು ಅದರ ಬೆಲೆಯನ್ನು ಬೀಜದ ರೂಪದಲ್ಲಿ ತೆರುತ್ತದೆ. ಬೇಲಿಯ ಬುಡದಲ್ಲಿ ಯಾರೂ ನೆಡದೆ ಹುಟ್ಟುವ ಬೇವು, ಆಲ, ಅರಳಿ, ಶ್ರೀಗಂಧಗಳ ಸಸಿಗಳು ಹಕ್ಕಿಗಳ ಬಿತ್ತನೆ. ಶ್ರೀಗಂಧವು ಅನ್ಯ ಸಸ್ಯಗಳ ಬೇರಿನಿಂದ ಆಹಾರ ಹೀರುವ ಅರೆಪರಾವಲಂಬಿ. ಹಕ್ಕಿಯು ಬೇಲಿಯ ಮೇಲೆ ಕುಳಿತು ಉದುರಿಸಿದ ಬೀಜಕ್ಕೆ ಆಶ್ರಯದ ಗಿಡವೂ ಅಲ್ಲಿಯೇ ದೊರೆಯುತ್ತದೆ. ಕರ್ನಾಟಕದಲ್ಲಿ 2001ರ ತಿದ್ದುಪಡಿಯ ಅನಂತರ ಖಾಸಗಿ ಜಮೀನಿನ ಶ್ರೀಗಂಧದ ಒಡೆತನವು ಭೂಮಾಲೀಕನಿಗೇ ಸೇರಿರುವುದರಿಂದ ಈ ಬಿತ್ತನೆಗೆ ಆರ್ಥಿಕ ಮೌಲ್ಯವೂ ಬಂದಿದೆ.

ಹಕ್ಕಿಯ ಬಿತ್ತನೆಯೆಲ್ಲವೂ ಹಿತಕರವೆನ್ನುವಂತಿಲ್ಲ. 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಲಂಟಾನವು ದೇಶದ ತುಂಬ ಹಬ್ಬಿ ಹುಲ್ಲು, ಗಿಡಗಂಟಿಗಳನ್ನು ಒತ್ತರಿಸಿದುದು ಬಹುಮಟ್ಟಿಗೆ ಹಣ್ಣು ತಿನ್ನುವ ಹಕ್ಕಿಗಳ ಮೂಲಕವೇ. ಹಕ್ಕಿಗೆ ಆಹಾರವೆಂಬ ಕಾರಣದಿಂದ ಲಂಟಾನವನ್ನು ಬೆಳೆಸುವುದು ಸರಿಯಲ್ಲ. ಬದಲಿ ಗಿಡವಿಲ್ಲದೆ ಬೇಲಿಯನ್ನು ಒಮ್ಮೆಗೇ ಬೋಳಿಸುವುದೂ ಸರಿಯಲ್ಲ. ಬಾರೆಯಂಥ ಸ್ಥಳೀಯ ಗಿಡಗಳು ಬೆಳೆದು ನಿಲ್ಲುತ್ತ ಬಂದಂತೆ ಲಂಟಾನವನ್ನು ತೆಗೆಯುವುದು ನಡುದಾರಿ.

ಸಮಾರೋಪ

ದೇಶದ ಹಕ್ಕಿಗಳ ಸ್ಥಿತಿಗತಿಯನ್ನು ಕುರಿತು 2023ರಲ್ಲಿ ಪ್ರಕಟವಾದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯು 942 ಜಾತಿಗಳನ್ನು ಪರಿಶೀಲಿಸಿದೆ. ಮಾಂಸ, ಕೀಟ, ಧಾನ್ಯಗಳನ್ನು ಅವಲಂಬಿಸಿದ ಹಕ್ಕಿಗಳಿಗಿಂತ ಹಣ್ಣು ಹಾಗೂ ಮಕರಂದವನ್ನು ಅವಲಂಬಿಸಿದವುಗಳ ಸ್ಥಿತಿ ಉತ್ತಮವಾಗಿದೆ ಎಂಬುದು ಅದರ ನಿರ್ಣಯಗಳಲ್ಲೊಂದು. ಮನುಷ್ಯನು ಮಾರ್ಪಡಿಸಿದ ನೆಲದಲ್ಲಿಯೂ ಹಣ್ಣು, ಹೂಗಳು ದೊರೆಯುತ್ತಿರುವುದು ಇದಕ್ಕೆ ಕಾರಣವಿರಬಹುದು. ಆದರೆ ವಲಸೆ ಹಕ್ಕಿಗಳು ಸ್ಥಳೀಯ ಹಕ್ಕಿಗಳಿಗಿಂತ ಹೆಚ್ಚಿನ ಇಳಿಮುಖದಲ್ಲಿವೆ ಎಂಬುದನ್ನೂ ಅದೇ ವರದಿ ತಿಳಿಸುತ್ತದೆ. ಹಣ್ಣು ತಿನ್ನುವ ವಲಸೆ ಹಕ್ಕಿಯು ಈ ಎರಡು ನಿರ್ಣಯಗಳ ನಡುವೆ ನಿಂತಿದೆ. ಗುಲಾಬಿ ಕಬ್ಬಕ್ಕಿಗೆ ಜಾಗತಿಕ ಮಟ್ಟದಲ್ಲಿ ಸದ್ಯಕ್ಕೆ ಅಳಿವಿನ ಭೀತಿಯಿಲ್ಲ. ಸಂಖ್ಯೆ ಹೇರಳವಾಗಿರುವಾಗಲೇ ಅದರ ಆಹಾರದ ಸರಪಳಿಯನ್ನು ಅರಿತುಕೊಳ್ಳುವುದು ಸುಲಭ. ಕೊಂಡಿಗಳು ಕಳಚಿದ ಮೇಲೆ ಕಷ್ಟ.

ಚಿಕ್ಕೋಡಿ–ಅಥಣಿ ಸೀಮೆಯಲ್ಲಿ ಆ ಸರಪಳಿಯ ದುರ್ಬಲ ಕೊಂಡಿ ನವೆಂಬರದಿಂದ ಜನವರಿಯವರೆಗಿನದು. ಅದನ್ನು ಹಿಡಿದು ನಿಲ್ಲಿಸಿರುವುದು ಸರಕಾರದ ಯೋಜನೆಯಲ್ಲ. ಬದುವಿನ ಬಾರೆ, ನದಿದಂಡೆಯ ಅತ್ತಿ, ಅಂಗಳದ ಗಸಗಸೆ ಮರ. ಬದುಗಳನ್ನು ಕಿತ್ತು ಹೊಲವನ್ನು ಸಮಗೊಳಿಸುವಾಗಲೂ ಮುಳ್ಳುಬೇಲಿಯ ಜಾಗದಲ್ಲಿ ತಂತಿಬೇಲಿ ಹಾಕುವಾಗಲೂ ಹಿತ್ತಲಿಗೆ ಕಾಂಕ್ರೀಟು ಹಾಸುವಾಗಲೂ ಈ ಕೊಂಡಿ ಸಡಿಲವಾಗುತ್ತದೆ. ಯಾವ ಗಿಡಕ್ಕೆ ಯಾವ ತಿಂಗಳಲ್ಲಿ ಯಾವ ಹಕ್ಕಿ ಬರುತ್ತದೆ ಎಂಬ ದಿನಚರಿಯನ್ನು ತೋಟಪಟ್ಟಿಯ ಶಾಲೆಗಳು, ಕಾಲೇಜುಗಳು ಕೆಲವು ವರ್ಷ ಬಿಡದೆ ಬರೆದಿಟ್ಟರೆ, ಬಟ್ಲರನ 1881ರ ಯಾದಿಯ ಪಕ್ಕದಲ್ಲಿರಿಸಿ ನೋಡಬಹುದಾದ ಇಂದಿನ ದಾಖಲೆಯೊಂದು ಸಿದ್ಧವಾಗುತ್ತದೆ.

ಎಳ್ಳಮಾವಾಸ್ಯೆಯಂದು ಹಿಂಗಾರಿ ಹೊಲದಲ್ಲಿ ಚರಗ ಚೆಲ್ಲಿ, ಅನ್ನದ ಮೊದಲ ಪಾಲನ್ನು ನೆಲಕ್ಕೆ ಬಿಡುವ ಸಂಪ್ರದಾಯ ಈ ಸೀಮೆಯ ಒಕ್ಕಲುತನದಲ್ಲಿದೆ. ಆ ಪಾಲಿನಲ್ಲಿ ಹಕ್ಕಿಗೂ ತುತ್ತಿರುತ್ತದೆ. ಅದು ಬರುವುದು ಸರಿಯಾಗಿ ಇಕ್ಕಟ್ಟಿನ ತಿಂಗಳುಗಳಲ್ಲಿಯೇ. ವರ್ಷಕ್ಕೊಮ್ಮೆ ಕೈಯಿಂದ ಚೆಲ್ಲುವ ಆ ಪಾಲನ್ನು ಬದುವಿನ ಮೇಲಿನ ಒಂದು ಬಾರೆಗಿಡವು ಚಳಿಗಾಲವಿಡೀ ಚೆಲ್ಲುತ್ತಿರುತ್ತದೆ.